ಐಟಿಐ ವೆಲ್ಡರ್ ಮುಗಿಸಿದ್ದೇನೆ. ಟ್ರೈನಿಂಗ್ ಸೆಂಟರ್‌ಗೆ ದುಡ್ಡು ಕಟ್ಟಿ 6ಜಿ ಸರ್ಟಿಫಿಕೇಟ್ ತಗೊಂಡರೆ ಎಲ್ಲಾ ಕಡೆ ನಡೆಯುತ್ತಾ?

ನಡೆಯಲ್ಲ. ನಾನೂ ನಡೆಯುತ್ತೆ ಅಂತಲೇ ನಂಬಿದ್ದೆ.

ಮಂಡ್ಯದಿಂದ ದಿನಾ ರೈಲು ಹತ್ತಿ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಹೋಗುತ್ತಿದ್ದೆ. ಅಲ್ಲೊಬ್ಬ ಕಾಂಟ್ರಾಕ್ಟರ್ ಹತ್ತಿರ ಕೆಲಸ. ಅವರೇ 6ಜಿ ಟೆಸ್ಟ್ ಮಾಡಿಸಿದರು. ಪೈಪು 45 ಡಿಗ್ರಿ ಓರೆಯಾಗಿ ನಿಂತಿರುತ್ತೆ, ತಿರುಗಿಸೋ ಹಾಗಿಲ್ಲ, ನಾವೇ ಸುತ್ತಬೇಕು. ರೂಟ್, ಅಂದರೆ ಜಾಯಿಂಟಿನ ತಳದ ಮೊದಲ ಸುತ್ತು, ಟಿಗ್‌ನಲ್ಲಿ (ಟಂಗ್‌ಸ್ಟನ್ ಸೂಜಿ, ಗ್ಯಾಸ್ ಇಟ್ಟು ಮಾಡೋದು), ಅದರ ಮೇಲೆ ಆರ್ಕ್ (ರಾಡ್ ವೆಲ್ಡಿಂಗ್). ಮೊದಲ ಸಲಕ್ಕೇ ಪಾಸಾದೆ. ಅಮ್ಮ ಸರ್ಟಿಫಿಕೇಟನ್ನು ದೇವರ ಮುಂದೆ ಇಟ್ಟಿದ್ದರು.

ಆಮೇಲೆ ಎಂಟು ತಿಂಗಳು ಬರೀ ಮಿಗ್, ಅಂದರೆ ಗನ್‌ನಿಂದ ತಂತಿ ತಾನಾಗಿ ಬರುವ ವೆಲ್ಡಿಂಗ್. ಶೆಡ್ಡಿನ ಕಂಬ, ತೊಲೆ. ಅದು ಮುಗಿದ ಮೇಲೆ ನಂಜನಗೂಡು ಕಡೆ ಒಂದು ಕಾರ್ಖಾನೆಯ ಪೈಪ್ ಕೆಲಸಕ್ಕೆ ಕಳಿಸಿದರು. ಮೂರು ದಿನದಲ್ಲಿ ಒಂಬತ್ತು ಜಾಯಿಂಟ್. ಎಕ್ಸ್‌ರೇಯಲ್ಲಿ ಒಂದು ಚುಕ್ಕೆಯೂ ಇಲ್ಲ. ನಾಲ್ಕನೇ ದಿನ ಇನ್‌ಸ್ಪೆಕ್ಟರ್ ನನ್ನ ಕಂಟಿನ್ಯೂಟಿ ರಿಜಿಸ್ಟರ್ ಕೇಳಿದರು, ಅಂದರೆ ಯಾವ ವೆಲ್ಡಿಂಗ್ ಯಾವಾಗ ಮಾಡಿದೆ ಅಂತ ಬರೆದಿಡೋ ಪುಸ್ತಕ. ಇರಲಿಲ್ಲ. ಒಂಬತ್ತನ್ನೂ ಕತ್ತರಿಸಿದರು. ಖರ್ಚನ್ನು ನನ್ನ ಕೂಲಿಯಲ್ಲಿ ಹಿಡಿದು ಮನೆಗೆ ಕಳಿಸಿದರು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ. ಎಎಸ್‌ಎಂಇ ಅನ್ನೋ ಅಮೆರಿಕದ ಎಂಜಿನಿಯರ್‌ಗಳ ಸಂಘದ ಕೋಡ್‌ನಲ್ಲಿ ವೆಲ್ಡಿಂಗ್ ನಿಯಮ ಇರೋದು ಸೆಕ್ಷನ್ 9ರಲ್ಲಿ. ಅದರ ಪ್ರಕಾರ ಒಂದು ಪ್ರೊಸೆಸ್‌ನಲ್ಲಿ (ಟಿಗ್, ಆರ್ಕ್, ಮಿಗ್ ಒಂದೊಂದೂ ಬೇರೆ ಪ್ರೊಸೆಸ್) 6 ತಿಂಗಳು ವೆಲ್ಡ್ ಮಾಡದಿದ್ದರೆ ಆ ಪ್ರೊಸೆಸ್‌ನ ಅರ್ಹತೆ ಹೋಯಿತು. ನಾನು ದಿನಾ ವೆಲ್ಡ್ ಮಾಡುತ್ತಿದ್ದೆ, ಆದರೆ ಮಿಗ್. ಮಿಗ್ ಮಾಡಿದ್ದು ಟಿಗ್ ಲೆಕ್ಕಕ್ಕೆ ಬರಲ್ಲ, ಆರ್ಕ್ ಲೆಕ್ಕಕ್ಕೂ ಬರಲ್ಲ. ಸರ್ಟಿಫಿಕೇಟ್ ಮೇಲೆ ಕೊನೆಯ ದಿನಾಂಕ ಇರಲಿಲ್ಲ, ಅದಕ್ಕೇ ಶಾಶ್ವತ ಅಂದುಕೊಂಡೆ. ಆ ಆರು ತಿಂಗಳು ತುಂಬುವ ಹೊತ್ತಿಗೆ ಒಂದೇ ಒಂದು ದಿನ ಟಿಗ್‌ನಲ್ಲೊಂದು, ಆರ್ಕ್‌ನಲ್ಲೊಂದು ಜಾಯಿಂಟ್ ಮಾಡಿ, ಫೋರ್‌ಮನ್ ಹತ್ತಿರ ತಾರೀಕು ಹಾಕಿಸಿ ಸಹಿ ಮಾಡಿಸಿದ್ದರೆ ಸಾಕಿತ್ತು. 6ಜಿಯೇ ಆಗಬೇಕಿರಲಿಲ್ಲ. ಅರ್ಹತೆ ಹೋದ ಮೇಲೂ ದಾರಿ ಇತ್ತು. ಸೈಟಿಗೆ ಹೋಗುವ ಮುಂಚೆ ಪ್ರೊಸೆಸ್‌ಗೆ ಒಂದರಂತೆ ಟೆಸ್ಟ್ ಪೀಸ್, ಬರೀ ಪ್ಲೇಟ್ ಆದರೂ ಸರಿ, ಪಾಸಾಗಿದ್ದರೆ ಹಳೆಯ 6ಜಿ ಪೂರ್ತಿ ವಾಪಸ್ ಬರುತ್ತಿತ್ತು. ಅರ್ಧ ದಿನದ ಕೆಲಸ!

ಈಗ ನಿಮ್ಮ ಸೆಂಟರ್ ವಿಷಯ. ಕೆಲಸ ಮಾಡಿಸುವ ಕಂಪನಿಯೇ ತನ್ನ ವೆಲ್ಡರ್‌ಗಳನ್ನು ಟೆಸ್ಟ್ ಮಾಡಬೇಕು ಅನ್ನುತ್ತೆ ಸೆಕ್ಷನ್ 9. ಸೆಂಟರಿನ ಕಾಗದ ತೋರಿಸಿದರೂ ಮತ್ತೆ ಪೈಪ್ ಮುಂದೆ ನಿಲ್ಲಿಸುತ್ತಾರೆ. ಹಾಗಾಗಿ ಆ ದುಡ್ಡಿಗೆ ಪೈಪ್ ತುಂಡು, ರಾಡ್ ತಗೊಂಡು ಕೈ ಪಳಗಿಸಿ. ಕೋಡ್ ಕೂಡ ಒಂದೇ ಅಲ್ಲ. ಮಂಡ್ಯ ಸುತ್ತಲಿನ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಮುಟ್ಟಬೇಕಾದರೆ ಐಬಿಆರ್, ಅಂದರೆ 1950ರ ಬಾಯ್ಲರ್ ನಿಯಮ, ಅದರ ಟೆಸ್ಟೇ ಬೇರೆ.

ಕಂಪನಿ ಟೆಸ್ಟ್‌ಗೆ ಕರೆದರೆ ದಪ್ಪ ಗೋಡೆಯ ಎರಡು ಇಂಚಿನ ಪೈಪ್ ಕೇಳಿ. ನಾಲ್ಕು ಇಂಚಿನಲ್ಲಿ ಪಾಸಾದವರು ಹೊರವ್ಯಾಸ 73 ಮಿಲಿಮೀಟರ್‌ಗಿಂತ ಸಣ್ಣ ಪೈಪ್ ಮುಟ್ಟುವ ಹಾಗಿಲ್ಲ. ಎರಡು ಇಂಚಿನಲ್ಲಿ ಪಾಸಾದರೆ 25 ಮಿಲಿಮೀಟರ್‌ನಿಂದ ಮೇಲಕ್ಕೆ ಎಲ್ಲಾ ಹೊರವ್ಯಾಸದ ಪೈಪೂ ಸಿಗುತ್ತೆ. ಮತ್ತೆ ಸೇರಿದ ದಿನವೇ ವಿಚಾರಿಸಿ, ಕಂಟಿನ್ಯೂಟಿ ರಿಜಿಸ್ಟರ್ ಯಾರು ಬರೀತಾರೆ ಅಂತ. ಪ್ರತಿ ಸಹಿಯ ಫೋಟೋ ನಿಮ್ಮ ಮೊಬೈಲ್‌ನಲ್ಲಿರಲಿ.