ಶುಶ್ರೂಷೆ ಮಾಡಿದವರು ಶುಶ್ರೂಷೆ ಪಡೆಯಬೇಕಾದಾಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟ ದಂಪತಿಗಳ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಕ್ರೈಸ್ತ ಸಭೆಯೊಂದರ ಪ್ರೀತಿ ಎಲ್ಲಿ ಸೋರಿಹೋಗುತ್ತದೆ, ಅದನ್ನು ಮತ್ತೆ ಹೇಗೆ ಹಿಡಿದಿಡಬಹುದು ಎಂಬುದು ಇಲ್ಲಿ ತಕ್ಕಮಟ್ಟಿಗೆ ಸ್ಪಷ್ಟವಾಗಿ ಕಂಡಿದ್ದರಿಂದ, ಸಭಾಪಾಲಕರಿಗೂ ಹಿರಿಯರಿಗೂ, ಮುಖ್ಯವಾಗಿ ಮನೆಯಲ್ಲಿ ದೀರ್ಘಕಾಲದ ರೋಗಿಯನ್ನು ನೋಡಿಕೊಳ್ಳುತ್ತಿರುವ ವಿಶ್ವಾಸಿಗಳಿಗೂ ಇದು ಉಪಯೋಗವಾಗಬಹುದೆಂದು ನಂಬಿದ್ದೇನೆ.

ಐವತ್ತು ದಾಟಿದ ಸಹೋದರಿಯೊಬ್ಬರು ತಮ್ಮ ಸಭಾಪಾಲಕರ ಸೂಚನೆಯ ಮೇರೆಗೆ ನನ್ನನ್ನು ಕಾಣಲು ಬಂದರು. ಅವರ ಪತಿಗೆ ಪಾರ್ಶ್ವವಾಯು ಬಡಿದು ಎಂಟು ತಿಂಗಳಾಗಿತ್ತು. ಬಲಗೈ ಮತ್ತು ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಇತರರು ಆಡಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿದ್ದರೂ, ತಾನು ಹೇಳಬೇಕೆಂದುಕೊಂಡ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮಕ್ಕಳು ದೂರದಲ್ಲಿದ್ದರು. ಈ ಸಹೋದರಿ ಸುಮಾರು ಇಪ್ಪತ್ತು ವರ್ಷಗಳಿಂದ ತಮ್ಮ ಸಭೆಯ ಸಂದರ್ಶನ ತಂಡವನ್ನು, ಅಂದರೆ ಕಷ್ಟದಲ್ಲಿರುವವರ ಮನೆಗಳಿಗೆ ಹೋಗಿ ವಿಚಾರಿಸಿಕೊಂಡು ಬರುವ ತಂಡವನ್ನು, ನಡೆಸಿಕೊಂಡು ಬಂದವರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ಬಾಣಂತಿಗೆ ಯಾರೂ ಇಲ್ಲದ ಮನೆ ಯಾವುದು ಎಂಬುದೆಲ್ಲ ಸಭಾಪಾಲಕರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಅಂಥವರು ಈಗ ಮೂರು ತಿಂಗಳಿಂದ ಆರಾಧನೆಗೆ ಹೋಗುವುದನ್ನೇ ನಿಲ್ಲಿಸಿದ್ದರು. ರಾತ್ರಿ ಎರಡು ಮೂರು ಗಂಟೆಗಿಂತ ಹೆಚ್ಚು ನಿದ್ರೆಯಿಲ್ಲ, ಪ್ರಾರ್ಥನೆಗೆ ಕುಳಿತರೆ ಮಾತು ಹೊರಡುವುದಿಲ್ಲ, ಸಣ್ಣದಕ್ಕೂ ಪತಿಯ ಮೇಲೆ ಸಿಡುಕುವುದು, ಮರುಕ್ಷಣವೇ ಪಶ್ಚಾತ್ತಾಪದಿಂದ ಅಳುವುದು. ಅವರು ಹೇಳಿಕೊಂಡ ತೊಂದರೆಗಳು ಇವು.

ನಡೆದದ್ದನ್ನು ಕೇಳುತ್ತ ಹೋದಂತೆ, ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರವೇ ಮೂಡಿತು. ಆಸ್ಪತ್ರೆಯಲ್ಲಿದ್ದಾಗ ಸಭೆಗೆ ಸಭೆಯೇ ನೆರೆದಿತ್ತು. ಮನೆಗೆ ಬಂದ ಮೇಲೆ ಮೊದಲ ಐದಾರು ವಾರ ಒಬ್ಬರಲ್ಲ ಒಬ್ಬರು ಬರುತ್ತಿದ್ದರು. ಬರಬರುತ್ತ ಅದು ವಾರಕ್ಕೊಬ್ಬರಾಗಿ, ಕೊನೆಗೆ ಭಾನುವಾರದ ವಿಜ್ಞಾಪನೆಗಳ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯಿತು. ಪಾರ್ಶ್ವವಾಯುವಿನಲ್ಲಿ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಜನ ಬರುವುದು ಕಡಿಮೆಯಾದದ್ದೂ ಬಹುತೇಕ ಅದೇ ಹೊತ್ತಿಗೆ. ಹೇಳಿಕೊಳ್ಳುವಂಥ ಒಳ್ಳೆಯ ಸುದ್ದಿ ಇಲ್ಲದಿದ್ದಾಗ, ಬಂದವರಿಗೆ ಏನು ಮಾತಾಡಬೇಕೆಂದೇ ತೋಚುವುದಿಲ್ಲ. ತೋಚದವರು ಬರುವುದನ್ನು ಮುಂದೂಡುತ್ತಾರೆ. ಇದನ್ನು ಪ್ರೀತಿ ತಣ್ಣಗಾಯಿತು ಎಂದು ಎಣಿಸುವುದು ಸುಲಭ, ಆದರೆ ಅದು ಪೂರ್ಣ ಸತ್ಯವಲ್ಲ.

ಇನ್ನೊಂದು ಸತ್ಯ ಅವರ ಬಾಯಿಂದಲೇ ಬಂತು. ಯಾರಾದರೂ ಫೋನ್ ಮಾಡಿ ಏನಾದರೂ ಬೇಕಿತ್ತೇ ಎಂದು ಕೇಳಿದರೆ ಏನನ್ನುತ್ತೀರಿ ಎಂದು ವಿಚಾರಿಸಿದೆ. "ದೇವರ ಕೃಪೆಯಿಂದ ಎಲ್ಲ ನಡೀತಾ ಇದೆ ಅಂತೀನಿ ಮೇಡಂ. ಇನ್ನೇನು ಹೇಳಲಿ? ನಾನು ಬೇರೆಯವರ ಮನೆಗೆ ಹೋಗಿ ಧೈರ್ಯ ಹೇಳಿ ಬಂದವಳು" ಎಂದರು. ಯಾರೂ ಬರಲಿಲ್ಲವೆಂಬ ನೋವು ಎಷ್ಟು ನಿಜವೋ, ಬಂದವರನ್ನು ತಾವೇ ಹೊಸ್ತಿಲಿನಿಂದ ಹಿಂದೆ ಕಳಿಸಿದ್ದೂ ಅಷ್ಟೇ ನಿಜವಾಗಿತ್ತು.

ಇದರ ಹಿಂದೆ ಎರಡು ಗಾಯಗಳಿದ್ದವು. ಆರಂಭದಲ್ಲಿ ಅವರು ಆಪ್ತರೊಬ್ಬರ ಬಳಿ ಪತಿಯ ಶೌಚದ ತೊಂದರೆಯನ್ನು ಹೇಳಿಕೊಂಡಿದ್ದರು. ಅದು ಪ್ರಾರ್ಥನಾ ವಿಷಯವಾಗಿ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ ಸಭೆಯ ಎಲ್ಲರಿಗೂ ತಿಳಿದುಬಿಟ್ಟಿತು. ಸಭಾಸಮಿತಿಯಲ್ಲಿ ಗೌರವದಿಂದ ಕುಳಿತಿದ್ದ ಪತಿ ಅದನ್ನು ತಿಳಿದು ಮುಖ ಗೋಡೆಗೆ ತಿರುಗಿಸಿದರಂತೆ. ಎರಡನೆಯದು, ಮನೆಗೆ ಬಂದ ಒಬ್ಬರು, ವಿಶ್ವಾಸ ಬಲವಾಗಿದ್ದರೆ ಇಷ್ಟರಲ್ಲಿ ಎದ್ದು ನಡೆಯುತ್ತಿದ್ದರು, ಒಳಗೆ ಏನಾದರೂ ಅಡ್ಡಿ ಇದೆಯೇ ಪರೀಕ್ಷಿಸಿಕೊಳ್ಳಿ ಎಂದು ರೋಗಿಯ ಎದುರಿಗೇ ಹೇಳಿಹೋದದ್ದು. ಮಾತು ಹೊರಡದವನಿಗೆ ಮಾತು ಅರ್ಥವಾಗುವುದಿಲ್ಲ ಎಂದುಕೊಳ್ಳುವುದು ಬಹಳ ಜನ ಮಾಡುವ ತಪ್ಪು.

ಮೊದಲು ಮಾಡಬೇಕಾದದ್ದನ್ನು ಮೊದಲು ಮಾಡಿದೆವು. ನಿದ್ರಾಹೀನತೆ, ಸಿಡುಕು ಮತ್ತು ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಶುಶ್ರೂಷೆ ಮಾಡುವವರ ಅತಿಬಳಲಿಕೆಯ ಲಕ್ಷಣಗಳು. ಖಿನ್ನತೆಯೂ ಇರಬಹುದಾದ್ದರಿಂದ ವೈದ್ಯರನ್ನು ಕಾಣಲೇಬೇಕೆಂದು ಹೇಳಿದೆ. ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯನ್ನು ಅನುಭವಿಸುತ್ತಾರೆ, ಆದ್ದರಿಂದ ಪತಿಯನ್ನೂ ಅದೇ ದೃಷ್ಟಿಯಿಂದ ತೋರಿಸಲು ಸೂಚಿಸಿದೆ. ಔಷಧ ತೆಗೆದುಕೊಳ್ಳುವುದು ಅವಿಶ್ವಾಸವಾಗುತ್ತದೆಯೇ ಎಂದು ಅವರು ಕೇಳಿದರು. ರಕ್ತದೊತ್ತಡದ ಮಾತ್ರೆಯ ವಿಷಯದಲ್ಲಿ ಬಾರದ ಪ್ರಶ್ನೆ ಇಲ್ಲಿ ಏಕೆ ಬರಬೇಕು ಎಂದಷ್ಟೇ ಹೇಳಿದೆ, ಅವರು ಒಪ್ಪಿದರು.

ಹೆಚ್ಚು ಸಮಯ ಹಿಡಿದದ್ದು ಸಹಾಯವನ್ನು ಸ್ವೀಕರಿಸುವ ವಿಷಯ. ಕೊಡುವವಳಾಗಿರುವುದೇ ಅವರ ವಿಶ್ವಾಸಜೀವನದ ಆಕಾರವಾಗಿತ್ತು, ಅದನ್ನು ಬಿಟ್ಟರೆ ದೇವರ ಮುಂದೆ ತಾನು ಯಾರು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ವಾದ ಮಾಡಿ ಇದನ್ನು ಬಿಡಿಸಲಾಗದು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ಅವರೇ ಓದುವಂತೆ ಕೇಳಿಕೊಂಡೆ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನಾವು ಯಾವಾಗಲೂ ಸೇವೆಯ ಮಾದರಿಯಾಗಿ ಬೋಧಿಸುತ್ತೇವೆ, ಅದು ಸರಿಯೇ. ಆದರೆ ಆ ಅಧ್ಯಾಯದಲ್ಲಿ ಎಡವಿದವನು ಪೇತ್ರ, ಅವನು ಎಡವಿದ್ದು ತೊಳೆಸಿಕೊಳ್ಳಲು ಒಪ್ಪದೆ. ನಾನು ನಿನ್ನನ್ನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂಬ ಅರ್ಥದ ಉತ್ತರ ಅವನಿಗೆ ಸಿಗುತ್ತದೆ. ಅವರು ಆ ವಚನದ ಬಳಿ ಬಹಳ ಹೊತ್ತು ನಿಂತರು. ನಂತರ ಅವರೇ ಎತ್ತಿದ ಪ್ರಶ್ನೆ ಗಲಾತ್ಯದವರಿಗೆ ಬರೆದ ಪತ್ರಿಕೆಯದು: 6ನೆಯ ಅಧ್ಯಾಯದ 2ನೆಯ ವಚನ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆನ್ನುತ್ತದೆ, 5ನೆಯ ವಚನ ಪ್ರತಿಯೊಬ್ಬನು ತನ್ನ ಹೊರೆಯನ್ನು ಹೊರಬೇಕೆನ್ನುತ್ತದೆ, ಹಾಗಾದರೆ ನನ್ನ ಪಾಲಿಗೆ ಯಾವುದು? ಎರಡೂ ನಿಮ್ಮ ಪಾಲಿಗೇ, ಯಾವುದು ಎಲ್ಲಿ ಸೇರುತ್ತದೆಂದು ಬರೆದು ನೋಡೋಣ ಎಂದೆ.

ಒಂದು ಹಾಳೆಯ ಮೇಲೆ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಮನೆಯಲ್ಲಿ ಆಗಬೇಕಾದ ಕೆಲಸಗಳನ್ನೆಲ್ಲ ಬರೆಯಲು ಹೇಳಿದೆ. ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದು, ಸ್ನಾನ, ಔಷಧ, ಕೈಕಾಲಿನ ವ್ಯಾಯಾಮ, ಬಟ್ಟೆ ಒಗೆಯುವುದು, ಬ್ಯಾಂಕಿನ ಮತ್ತು ವಿಮೆಯ ಕಾಗದಪತ್ರಗಳು, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವುದು. ಹಾಳೆ ತುಂಬಿತು. ಪಕ್ಕದಲ್ಲಿ ಇನ್ನೊಬ್ಬರು ಮಾಡಬಹುದಾದವು ಎಂದು ಒಂದು ಗೆರೆ ಎಳೆದುಕೊಟ್ಟರೆ ಅದರ ಕೆಳಗೆ ಏನೂ ಬರೆಯಲಿಲ್ಲ. ಪೆನ್ನು ಕೈಯಲ್ಲೇ ಉಳಿಯಿತು. ಆಗ, ಇದು ನೀವು ಸಂದರ್ಶನಕ್ಕೆ ಹೋದ ಬೇರೊಬ್ಬ ಸಹೋದರಿಯ ಮನೆ ಎಂದುಕೊಳ್ಳಿ, ತಂಡದಲ್ಲಿ ಯಾರಿಗೆ ಯಾವುದನ್ನು ಹಂಚುತ್ತಿದ್ದಿರಿ ಎಂದು ಕೇಳಿದೆ. ಅವರು ತಲೆ ಎತ್ತದೆ ಬರೆಯತೊಡಗಿದರು. ಸ್ನಾನ ಮತ್ತು ಶೌಚ ತಮಗೇ. ವ್ಯಾಯಾಮಕ್ಕೆ ಯೌವನಸ್ಥರ ಸಂಘದ ಹುಡುಗರು, ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತುಕೊಂಡ ಮೇಲೆ. ಕಾಗದಪತ್ರಕ್ಕೆ ನಿವೃತ್ತ ನೌಕರರೊಬ್ಬರು. ಬಟ್ಟೆ ಮತ್ತು ಅಡುಗೆಗೆ ಸ್ತ್ರೀಯರ ಸಂಘ. ವಾರದಲ್ಲಿ ಎರಡು ರಾತ್ರಿ ಪತಿಯ ಹಳೆಯ ಸ್ನೇಹಿತರು ಬಂದು ಮಲಗುವುದು. ಐದು ನಿಮಿಷದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಸಿದ್ಧವಾಗಿತ್ತು. ಅದು ತಮ್ಮ ಮನೆಯದೇ ಎಂದು ಮತ್ತೆ ಓದಿದಾಗ ಅವರಿಗೆ ಅಳು ಬಂತು, ನಾನು ತಡೆಯಲಿಲ್ಲ.

ಗುಟ್ಟಿನ ವಿಷಯದಲ್ಲಿ ನಾನು ಕೊಟ್ಟ ಸಲಹೆ ನೇರವಾದದ್ದು. ನಿಮ್ಮ ಮನೆಯ ಬಗ್ಗೆ ಸಭೆಯಲ್ಲಿ ಏನು ಹೇಳಬೇಕೆಂಬುದನ್ನು ನೀವಿಬ್ಬರೇ ಬರೆದುಕೊಡಿ, ಆ ಬರಹಕ್ಕಿಂತ ಒಂದು ಪದವೂ ಹೆಚ್ಚು ಹೋಗದಂತೆ ಸಭಾಪಾಲಕರು ನೋಡಿಕೊಳ್ಳಲಿ. ವಾಕ್ಯಗಳನ್ನು ಪತಿಗೆ ಓದಿ ಹೇಳಿ, ಒಪ್ಪಿಗೆ ಇದ್ದರೆ ಎಡಗೈ ಎತ್ತುವಂತೆ ಕೇಳಿ ಎಂದೆ. ಅವರು ಒಂದು ವಾಕ್ಯವನ್ನು ತಲೆಯಾಡಿಸಿ ತೆಗೆಸಿದರಂತೆ. ತನ್ನ ದೇಹದ ಬಗ್ಗೆ ಎಂಟು ತಿಂಗಳಲ್ಲಿ ಅವರು ತೆಗೆದುಕೊಂಡ ಮೊದಲ ತೀರ್ಮಾನ ಅದಾಗಿತ್ತು ಎಂದು ಪತ್ನಿ ನನಗೆ ತಿಳಿಸಿದರು.

ಅವರ ಅನುಮತಿಯಿಂದ ಸಭಾಪಾಲಕರನ್ನೂ ಇಬ್ಬರು ಹಿರಿಯರನ್ನೂ ಭೇಟಿಯಾದೆ. ಅವರು ತಪ್ಪಿತಸ್ಥ ಭಾವದಿಂದ ಬಂದಿದ್ದರು, ನಮ್ಮ ಸಭೆಯಲ್ಲಿ ಪ್ರೀತಿ ಕಡಿಮೆಯಾಗಿದೆ, ಭಾನುವಾರ ಪ್ರಸಂಗದಲ್ಲಿ ಇದನ್ನೇ ಎತ್ತಿ ಹೇಳುತ್ತೇನೆ ಎಂದು ಸಭಾಪಾಲಕರು ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೇಳಿಕೊಂಡೆ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ, ಗ್ರೀಕ್ ಭಾಷೆಯ ವಿಧವೆಯರು ಪ್ರತಿದಿನದ ಹಂಚಿಕೆಯಲ್ಲಿ ಅಲಕ್ಷ್ಯಕ್ಕೆ ಒಳಗಾಗುತ್ತಿದ್ದಾರೆಂಬ ಗುಣುಗುಟ್ಟುವಿಕೆ ಎದ್ದಾಗ, ಅಪೊಸ್ತಲರು ಜನರಿಗೆ ಪ್ರೀತಿಯ ಮೇಲೆ ಪ್ರಸಂಗ ಮಾಡಲಿಲ್ಲ. ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ಆರಿಸುವಂತೆ ಸಭೆಯವರಿಗೇ ಹೇಳಿ, ಆರಿಸಿದವರನ್ನು ಆ ಕೆಲಸಕ್ಕೆ ನೇಮಿಸಿದರು. ಆಸ್ತಿಗಳನ್ನು ಮಾರಿ ಹಂಚಿಕೊಳ್ಳುತ್ತಿದ್ದ ಸಭೆಯಲ್ಲೇ ಕೆಲವರು ಬಿಟ್ಟುಹೋಗಿದ್ದರೆ, ಕೊರತೆಯಿದ್ದದ್ದು ಮನಸ್ಸಿನಲ್ಲಲ್ಲ, ಏರ್ಪಾಟಿನಲ್ಲಿ. ಈ ಸಭೆಯಲ್ಲಿ ಏರ್ಪಾಟೆಂದರೆ ಇದೇ ಸಹೋದರಿಯಾಗಿದ್ದರು, ಅವರು ಮನೆಯಲ್ಲಿ ಸಿಕ್ಕಿಬಿದ್ದೊಡನೆ ಅವರಿಗಾಗಿ ಪಟ್ಟಿ ಮಾಡುವವರು ಯಾರೂ ಇರಲಿಲ್ಲ. ಇದು ಅನೇಕ ಸಭೆಗಳ ಸ್ಥಿತಿ ಎಂದು ನನಗೆ ಬಲವಾಗಿ ಅನಿಸುತ್ತದೆ: ಒಬ್ಬ ನಿಷ್ಠಾವಂತ ವ್ಯಕ್ತಿಯ ಮೇಲೆ ಎಲ್ಲವೂ ನಿಂತಿರುತ್ತದೆ, ಅವರನ್ನು ನಾವು ಹೊಗಳುತ್ತೇವೆಯೇ ಹೊರತು ಅವರ ಬೆನ್ನಿಗೆ ಇನ್ನೊಬ್ಬರನ್ನು ನಿಲ್ಲಿಸುವುದಿಲ್ಲ.

ಆದ್ದರಿಂದ ನೀಡಿದ ಮೊದಲ ಸಲಹೆ, ಈ ಮನೆಯ ಹೊಣೆಯನ್ನು ಇಬ್ಬರಿಗೆ ಹೆಸರು ಹಿಡಿದು ಒಪ್ಪಿಸುವುದು, ಒಬ್ಬರು ದಣಿದಾಗ ಇನ್ನೊಬ್ಬರು ನೋಡಿಕೊಳ್ಳುವಂತೆ. ಮೂರು ತಿಂಗಳಿಗೊಮ್ಮೆ ದಂಪತಿಗಳನ್ನೇ ಕೇಳಿ ಪಟ್ಟಿಯನ್ನು ತಿದ್ದುವುದು. ಏನಾದರೂ ಬೇಕಾದರೆ ಹೇಳಿ ಎಂಬ ಮಾತನ್ನು ಬಿಟ್ಟು, ಗುರುವಾರ ಸಂಜೆ ನಾಲ್ಕರಿಂದ ಆರರವರೆಗೆ ನಾನು ಅವರ ಬಳಿ ಕೂತಿರುತ್ತೇನೆ, ನೀವು ಮಲಗಿ ಎನ್ನುವಂಥ ಮಾತನ್ನು ರೂಢಿಸಿಕೊಳ್ಳಬೇಕು. ದಣಿದವರಿಗೆ ಸಹಾಯವನ್ನು ಯೋಚಿಸಿ ಕೇಳುವುದೂ ಒಂದು ಕೆಲಸವೇ. ಸಂದರ್ಶನಕ್ಕೆ ಹೋದವರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ರೋಗಿಯ ಮುಖ ನೋಡಿ ನಿಧಾನವಾಗಿ ಮಾತಾಡಬೇಕು, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ ಕಾಯಬೇಕು, ಕಾಯಿಲೆಗೆ ಕಾರಣ ಹುಡುಕಬಾರದು. ಬೈಬಲ್ಲಿನಲ್ಲಿ ಮಹಾಸಂಕಟಕ್ಕೆ ಒಳಗಾದ ಯೋಬನ ಸ್ನೇಹಿತರು ಏಳು ದಿನ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಷ್ಟು ಕಾಲ ಒಳ್ಳೆಯ ಸ್ನೇಹಿತರೇ ಆಗಿದ್ದರು. ಅವನ ಸಂಕಟಕ್ಕೆ ವಿವರಣೆ ಕೊಡಲು ಹೊರಟಾಗಲೇ ಕೆಟ್ಟರು. ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಕೇಳಿದ ಶಿಷ್ಯರಿಗೆ, ಇವನದೂ ಅಲ್ಲ ಇವನ ತಂದೆತಾಯಿಗಳದೂ ಅಲ್ಲ ಎಂದು ಯೇಸು ಕೊಟ್ಟ ಉತ್ತರವನ್ನು ಸಂದರ್ಶನ ತಂಡದವರೆಲ್ಲ ಹೊರಡುವ ಮುನ್ನ ಓದಿಕೊಳ್ಳುವುದು ಒಳ್ಳೆಯದೆಂದು ಹೇಳಿದೆ.

ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗಾಗಿ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ಮನೆಗೆ ಒಯ್ಯುವ ಬಗ್ಗೆ ಹಿರಿಯರಲ್ಲಿ ಹಿಂಜರಿಕೆ ಇತ್ತು, ಆರಾಧನೆಗೆ ಬಂದವರಿಗೆ ಮಾತ್ರ ಎಂಬುದು ಅವರಲ್ಲಿ ಬೆಳೆದುಬಂದ ಪದ್ಧತಿ. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಲ್ಲಿದ್ದ ಕ್ರೈಸ್ತ ಬರಹಗಾರ ಹುತಾತ್ಮ ಜಸ್ಟಿನ್, ಭಾನುವಾರದ ಆರಾಧನೆಯನ್ನು ವರ್ಣಿಸುವಾಗ, ಬಾರದಿದ್ದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆಂದೂ, ಕೂಡಿದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು ಮತ್ತು ಸೆರೆಯಲ್ಲಿದ್ದವರಿಗೆ ಸಹಾಯ ಮಾಡಲಾಗುತ್ತದೆಂದೂ ಬರೆದಿದ್ದಾನೆ. ಇದನ್ನು ತಿಳಿಸಿದಾಗ ಹಿಂಜರಿಕೆ ಕರಗಿತು. ನಿರ್ಣಯ ಅವರದೇ, ಸಭೆಯ ಪದ್ಧತಿಯಲ್ಲಿ ಆಪ್ತಸಲಹೆಗಾರರು ಕೈಹಾಕಬಾರದು.

ಆ ಮನೆಯಲ್ಲಿ ಕರ್ತನ ಭೋಜನ ನಡೆದ ಸಂಜೆ ಸಭಾಪಾಲಕರೊಂದಿಗೆ ಆರೇಳು ಮಂದಿ ಬಂದು ಹಳೆಯ ಕೀರ್ತನೆಯೊಂದನ್ನು ಎತ್ತಿಕೊಂಡರು. ಎಂಟು ತಿಂಗಳಿಂದ ಪತ್ನಿಯ ಹೆಸರನ್ನೂ ಹೇಳಲಾಗದಿದ್ದ ಪತಿ ಎರಡನೆಯ ಚರಣದಲ್ಲಿ ದನಿಗೂಡಿಸಿದರು, ಪದಗಳೊಂದಿಗೆ. ಇದನ್ನು ಕಂಡವರು ಅದ್ಭುತವೆಂದು ಸಾಕ್ಷಿ ಹೇಳತೊಡಗಿದ್ದರಿಂದ ನಾನು ವಿವರಿಸಬೇಕಾಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಕಳೆದುಕೊಂಡವರಲ್ಲಿ ಕೆಲವರು ಚಿಕ್ಕಂದಿನಿಂದ ಹಾಡಿದ ಹಾಡುಗಳನ್ನು ಪದಸಹಿತ ಹಾಡಬಲ್ಲರು. ಹಾಗೆಂದು ಮರುದಿನ ಅವರು ಮಾತಾಡಿಬಿಡುತ್ತಾರೆಂದು ನಿರೀಕ್ಷಿಸಿದರೆ ಅವರಿಗೆ ಮತ್ತೊಂದು ಸೋಲಿನ ಭಾರ ಹೊರಿಸಿದಂತಾಗುತ್ತದೆ. ಕೃತಜ್ಞತೆ ಸಲ್ಲಿಸೋಣ, ಒತ್ತಾಯ ಬೇಡ ಎಂದೆ. ವಾಕ್‌ಚಿಕಿತ್ಸಕರಿಗೆ ತಿಳಿಸಿದಾಗ ಅವರು ಅಭ್ಯಾಸದಲ್ಲಿ ರಾಗವನ್ನು ಬಳಸತೊಡಗಿದರು. ಕ್ವಾಯರ್‌ನವರು ಈಗ ಶನಿವಾರದ ಅಭ್ಯಾಸವನ್ನು ತಿಂಗಳಿಗೊಮ್ಮೆ ಆ ಮನೆಯಲ್ಲೇ ನಡೆಸುತ್ತಾರೆ. ಮೊದಲು ಅವರಿಗಾಗಿ ಹಾಡಲು ಬರುತ್ತಿದ್ದವರು ಈಗ ಅವರೊಂದಿಗೆ ಹಾಡಲು ಬರುತ್ತಾರೆ, ಈ ವ್ಯತ್ಯಾಸ ಆ ಮನುಷ್ಯನ ಬೆನ್ನಿನ ನಿಲುವಿನಲ್ಲೇ ಕಾಣುತ್ತದೆ.

ಎಲ್ಲವೂ ಸರಿಹೋಗಿಲ್ಲ. ವಿಷಯವನ್ನು ಹರಡಿದ ಸ್ನೇಹಿತೆ ಕ್ಷಮೆ ಕೇಳಿದರು, ಆದರೆ ಹಿಂದಿನ ಸಲಿಗೆ ಮರಳಿಲ್ಲ. ಕ್ಷಮಿಸುವುದಕ್ಕೂ ಮತ್ತೆ ಗುಟ್ಟು ಹೇಳಿಕೊಳ್ಳುವುದಕ್ಕೂ ನಡುವೆ ಸಮಯ ಬೇಕು, ಅವಸರಪಡಬೇಡಿ ಎಂದಿದ್ದೇನೆ. ರಾತ್ರಿ ಮಲಗಲು ಬರುತ್ತಿದ್ದವರಲ್ಲಿ ಒಬ್ಬರು ನಿಂತುಹೋದರು, ಬದಲಿಗೆ ಇನ್ನೊಬ್ಬರನ್ನು ಗೊತ್ತುಮಾಡಲು ಒಂದು ತಿಂಗಳೇ ಹಿಡಿಯಿತು. ಸಹೋದರಿ ಔಷಧವನ್ನು ಮುಂದುವರಿಸಿದ್ದಾರೆ, ಈಗ ರಾತ್ರಿ ಐದಾರು ಗಂಟೆ ನಿದ್ರೆ ಮಾಡುತ್ತಾರೆ, ಭಾನುವಾರ ಆರಾಧನೆಗೆ ಹೋಗುತ್ತಾರೆ. ಇತ್ತೀಚಿನ ಭೇಟಿಯಲ್ಲಿ, ಸಂದರ್ಶನ ತಂಡಕ್ಕೆ ಮರಳಬಹುದೇ ಎಂದು ಕೇಳಿದರು. ಈ ವರ್ಷ ಬೇಡ, ಮುಂದೆ ಮರಳಿದರೂ ತಂಡದ ಮುಖ್ಯಸ್ಥೆಯಾಗಿ ಅಲ್ಲ, ಈಗ ಆ ಹೊಣೆ ಹೊತ್ತಿರುವ ಕಿರಿಯ ಸಹೋದರಿಯ ಜೊತೆಗಾರ್ತಿಯಾಗಿ, ಅದೂ ರೋಗಿಗಳನ್ನು ನೋಡಿಕೊಳ್ಳುತ್ತಿರುವವರ ಮನೆಗಳಿಗೆ ಮಾತ್ರ ಹೋಗಿ ಎಂದು ಸಲಹೆ ಕೊಟ್ಟೆ. ಅಂಥ ನಾಲ್ಕು ಮನೆಗಳ ಹೆಸರು ಅವರ ಬಳಿ ಆಗಲೇ ಇದ್ದವು. ಅವುಗಳನ್ನು ಸದ್ಯಕ್ಕೆ ಆ ಕಿರಿಯ ಸಹೋದರಿಗೆ ಬರೆದುಕೊಡಲು ಒಪ್ಪಿ ಹೋದರು.