ಕನ್ಸಲ್ಟೆಂಟಿಗೆ 30 ಸಾವಿರ ಕೊಡಬೇಕೇ?

ಪ್ರಶ್ನೆ: ಮಗಳು ಒಂದರಿಂದ ಹತ್ತರವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲೇ ಓದಿದವಳು. ಸಿಇಟಿ ರ‍್ಯಾಂಕ್ ಬಂದಿದೆ, ಎಂಜಿನಿಯರಿಂಗ್ ಆಸೆ. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ವರ್ಷಕ್ಕೆ ನಾಲ್ಕು ಲಕ್ಷ ದಾಟುವುದಿಲ್ಲ. ಒಬ್ಬ ಕನ್ಸಲ್ಟೆಂಟ್ "30 ಸಾವಿರ ಕೊಡಿ, ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು, ಬ್ಯಾಂಕ್ ಸಾಲ ಎರಡೂ ಮಾಡಿಸಿಕೊಡ್ತೀನಿ" ಅನ್ನುತ್ತಿದ್ದಾರೆ. ಕೊಡೋಣವೇ?
– ಓದುಗಿ, ತಿಪಟೂರು

ಉತ್ತರ: ಬಲ್ಲವರನ್ನು ಕೇಳಬೇಕು ತಾಯೀ, ಅದಕ್ಕೆ ದುಡ್ಡು ಕೊಟ್ಟರೂ ತಪ್ಪಲ್ಲ. ಆದರೆ ಮೊದಲು ಅವರನ್ನೇ ಒಂದು ಮಾತು ಕೇಳಿ: "ಸ್ವಾಮಿ, ಆ ಕಾಲೇಜಿನವರು ನಿಮಗೆಷ್ಟು ಕೊಡ್ತಾರೆ?" ಉತ್ತರ ತಡವರಿಸಿದರೆ, ಅವರು ಕೆಲಸ ಮಾಡುತ್ತಿರುವುದು ನಿಮಗಲ್ಲ.

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಬಹುಪಾಲು ಸಾಲದ ವಿಭಾಗದಲ್ಲಿ. ಎಲ್ಲ ಗೊತ್ತೆಂಬ ಜಂಬದಲ್ಲಿ ಮಗನ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಒಂದು, ಎರಡು ಅಂತ ಸಾಲಾಗಿ ಪಟ್ಟಿ ಮಾಡುವುದಕ್ಕೆ, ನಾನೇ ಕೂತೆ. ಸಿಗಲಾರದು ಎಂದುಕೊಂಡ ಕಾಲೇಜನ್ನು ಆರನೆಯದಾಗಿಟ್ಟು, ಖಂಡಿತ ಸಿಗುವುದನ್ನು ಮೊದಲು ಹಾಕಿದೆ. ಮೊದಲನೆಯದೇ ಸಿಕ್ಕಿತು. ಆಮೇಲೆ ನೋಡಿದರೆ ಆ ಆರನೆಯ ಕಾಲೇಜಿನ ಕೊನೆಯ ಸೀಟು ನನ್ನ ಮಗನಿಗಿಂತ ಹಿಂದಿನ ರ‍್ಯಾಂಕಿನವನಿಗೆ ಹೋಗಿತ್ತು! ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು ಸಿಗುವ ಮೊದಲನೆಯದನ್ನು ಕೊಡುತ್ತಾರೆ, ಆದ್ದರಿಂದ ಆಸೆಯ ಕಾಲೇಜನ್ನು ಮೇಲಿಟ್ಟರೆ ನಷ್ಟವೇನೂ ಇಲ್ಲ. ಪಕ್ಕದ ಬೀದಿಯ ಪಿಯು ಲೆಕ್ಚರರ್ ಹತ್ತು ನಿಮಿಷದಲ್ಲಿ ಇದನ್ನು ತಿಳಿಸಿದರು, ತಿಂಗಳು ಕಳೆದ ಮೇಲೆ. ಮಗ ಈಗಲೂ ರೇಗಿಸುತ್ತಾನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ಒಂದರಿಂದ ಹತ್ತರವರೆಗೆ" ಅನ್ನೋ ಮಾತು. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಅರ್ಜಿಯಲ್ಲಿ ಅವೆರಡನ್ನೂ ಕೇಳಿದ್ದೀರಾ? ಹೆಡ್‌ಮಾಸ್ಟರ್ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮಾಡಿದ ಪತ್ರಗಳಿವೆಯಾ? ಮೊದಲು ಅದನ್ನು ನೋಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರವೂ ಇರಲಿ. ಆದಾಯ 8 ಲಕ್ಷದೊಳಗಿನವರಿಗೆ ಎಸ್‌ಎನ್‌ಕ್ಯೂ ಅಂತ ಬೋಧನಾ ಶುಲ್ಕವಿಲ್ಲದ ಸೀಟುಗಳಿವೆ, ಅವು ಸಿಗುವುದೂ ಸಿಇಟಿ ಮೂಲಕವೇ. ಇದನ್ನೆಲ್ಲ ಬಿಟ್ಟು ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗುವುದು, ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಸಾಲ ಮಾಡಿ ಹೋಟೆಲಿನಲ್ಲಿ ಉಂಡ ಹಾಗೆ.

ಇನ್ನು ಸಾಲ. "ಓದು ಮುಗಿಯೋವರೆಗೆ ಏನೂ ಕಟ್ಟಬೇಕಿಲ್ಲ" ಅನ್ನುತ್ತಾರೆ. ಕಂತು ಇಲ್ಲ, ನಿಜ. ಬಡ್ಡಿ ಓಡುತ್ತಲೇ ಇರುತ್ತದೆ. ಶೇ. 10ರ ಲೆಕ್ಕ ಹಿಡಿಯಿರಿ. ಪ್ರತಿ ವರ್ಷದ ಮೊದಲಿಗೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ತೆಗೆದರೆ, ಓದಿನ ನಾಲ್ಕು ವರ್ಷ, ಅದರ ಮೇಲೆ ಕಂತಿಲ್ಲದೆ ಬಿಡುವ ಒಂದು ವರ್ಷ ಕಳೆಯುವಾಗ ಬರೀ ಸರಳ ಬಡ್ಡಿಯೇ 2.1 ಲಕ್ಷ. ಆರು ಲಕ್ಷದ ಸಾಲ ಎಂಟು ಲಕ್ಷ ದಾಟಿ ನಿಂತಿರುತ್ತದೆ. ನನ್ನ ಟೇಬಲ್ಲಿನ ಎದುರು ಕೂತು ಈ ಅಂಕಿ ನೋಡಿ ಸುಮ್ಮನಾದ ಅಪ್ಪಂದಿರು ಎಷ್ಟೋ ಮಂದಿ.

ನಿಮಗೆ ಆ 2.1 ಲಕ್ಷ ಬೀಳದಿರುವ ದಾರಿಯೂ ಇದೆ. ಆದಾಯ 4.5 ಲಕ್ಷದೊಳಗಿದ್ದು, ಕೋರ್ಸು ವೃತ್ತಿಪರವಾಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ (ಎರಡೂ ಗುಣಮಟ್ಟ ನೋಡಿ ಕೊಡುವಂಥವು) ಇದ್ದರೆ, ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಪಿಎಂ ವಿದ್ಯಾಲಕ್ಷ್ಮಿ ಅಂತ ಇನ್ನೊಂದು ಇದೆ, ಆಯ್ದ ಕಾಲೇಜುಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದು ಸಿಗದು. ಇದನ್ನು ಆ ಕನ್ಸಲ್ಟೆಂಟ್ ಹೇಳಿದರಾ?

ಹಾಗಾಗಿ ಈ ವಾರವೇ ಇಬ್ಬರನ್ನು ನೋಡಿ. ಮಗಳ ಪಿಯು ಕಾಲೇಜಿನಲ್ಲಿ ಪ್ರತಿವರ್ಷ ಮಕ್ಕಳ ಆಪ್ಷನ್ ಪಟ್ಟಿ ನೋಡಿಕೊಡುವ ಲೆಕ್ಚರರ್ ಒಬ್ಬರಿರುತ್ತಾರೆ, ಅವರು. ಆಮೇಲೆ ನಿಮ್ಮ ಖಾತೆಯಿರುವ ಬ್ಯಾಂಕಿನ ಸಾಲದ ಅಧಿಕಾರಿ, ಸೀಟು ಸಿಗುವ ಮೊದಲೇ. "ಬಡ್ಡಿ ಸಬ್ಸಿಡಿಗೆ ಏನೇನು ಕಾಗದ ಬೇಕು" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಅಲ್ಲಿಗೆ ಮಗಳನ್ನೂ ಕರೆದುಕೊಂಡು ಹೋಗಿ. ಸಾಲಗಾರಳು ಅವಳೇ, ನೀವು ಜೊತೆಗೆ ಸಹಿ ಹಾಕುವವರು.