ಹರಿಹರಕ್ಕೆ ನಡೆಯದ ಹರಕೆ: ಒಂದು ಆಪ್ತಸಲಹೆ ಪ್ರಕರಣ

ಜೂನ್ ತಿಂಗಳ ಒಂದು ಮಧ್ಯಾಹ್ನ ಫಿಲೋಮಿನಾ ಗಂಡನ ಜೊತೆ ನನ್ನ ಕೋಣೆಗೆ ಬಂದರು. ಗಂಡ ದಾವಣಗೆರೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. "ಇವಳು ಹಾಡೋದು ಬಿಟ್ಟಿದ್ದಾಳೆ ಮೇಡಂ" ಅಂದರು. ಅವರ ಲೆಕ್ಕದಲ್ಲಿ ಕಾಯಿಲೆ ಅದೇ. ಊಟ ಕಡಿಮೆ ಆಗಿದ್ದು, ನಿದ್ದೆ ಹೋಗಿದ್ದು ಆಮೇಲಿನ ಮಾತು. ಚರ್ಚಿನ ಗಾಯನ ತಂಡದಲ್ಲಿ ಹದಿನೈದು ವರ್ಷ ಮುಂದೆ ನಿಂತು ಹಾಡಿದ ಹೆಂಡತಿ ಈಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ, ಅದನ್ನು ನೋಡೋಕೆ ಆಗ್ತಿಲ್ಲ ಅಂದರು.

ಫಿಲೋಮಿನಾ ಅನ್ನುವುದು ನಾನು ಇಟ್ಟ ಹೆಸರು. ಕೆಲಸ, ವಯಸ್ಸು, ಮನೆಯ ವಿವರಗಳನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನನ್ನ ಹಾಗೆ ಇನ್ನೊಬ್ಬರು ಒಳಗೊಳಗೇ ಬೇಯಬಾರದು" ಅಂತ ಅವರೇ ಹೇಳಿದರು.

ವಯಸ್ಸು 41. ಮನೆಯಲ್ಲೇ ಹೊಲಿಗೆ ಕೆಲಸ. ಮಗಳು ಪಿಯುಸಿ, ಮಗ ಎಂಟನೇ ತರಗತಿ. ಹಿಂದಿನ ಅಕ್ಟೋಬರ್‌ನಲ್ಲಿ ತಾಯಿ ತೀರಿಕೊಂಡಿದ್ದರು. ಆಮೇಲೆ ಮೊದಲ ಒಂದೆರಡು ತಿಂಗಳು ಎಲ್ಲರ ಹಾಗೆ ಅತ್ತರು, ಕೆಲಸ ಮಾಡಿದರು. ಸಂಕ್ರಾಂತಿ ಕಳೆದ ಮೇಲೆ ಶುರುವಾಯಿತು. ರಾತ್ರಿ ಮೂರು ಗಂಟೆಗೆ ಎಚ್ಚರ. ಮತ್ತೆ ನಿದ್ದೆ ಇಲ್ಲ. ಮೈಯೆಲ್ಲ ಭಾರ. ಒಂದು ಬ್ಲೌಸ್ ಮುಗಿಸಲು ನಾಲ್ಕು ದಿನ. ಮಕ್ಕಳು ಮಾತಾಡಿಸಿದರೆ ಸಿಟ್ಟು, ಸಿಟ್ಟಾದ ಮೇಲೆ ಅಳು.

ಏಪ್ರಿಲ್‌ನಲ್ಲಿ ಮನೋವೈದ್ಯರಿಗೆ ತೋರಿಸಿದ್ದರು. ಖಿನ್ನತೆ ಎಂದು ಹೇಳಿ ಮಾತ್ರೆ ಬರೆದಿದ್ದರು. ಹತ್ತು ದಿನ ತೆಗೆದುಕೊಂಡು ಬಿಟ್ಟುಬಿಟ್ಟರು. ಹೊಟ್ಟೆ ತೊಳಸುತ್ತಿತ್ತು, ಗುಣ ಕಾಣಲಿಲ್ಲ, ಅದು ಒಂದು ಕಾರಣ. ಇನ್ನೊಂದನ್ನು ಗಂಡ ಹೊರಗೆ ಹೋದ ಮೇಲೆ ಹೇಳಿದರು. ಪ್ರಾರ್ಥನಾ ಕೂಟದ ಪರಿಚಯದವರೊಬ್ಬರು, "ಗುಳಿಗೆ ನುಂಗಿದೆ ಅಂದ್ರೆ ಯೇಸುವಿನ ಮೇಲೆ ನಿನಗೆ ನಂಬಿಕೆ ಇಲ್ಲ ಅಂತಾಯ್ತು" ಅಂದಿದ್ದರಂತೆ.

ಆ ಮಾತು ಹೇಳಿದವರು ಕೆಟ್ಟವರಲ್ಲ. ಅವರೇ ತಾಯಿಯ ಆಸ್ಪತ್ರೆ ದಿನಗಳಲ್ಲಿ ಮನೆಗೆ ಊಟ ತಂದುಕೊಟ್ಟಿದ್ದರು. ಆದರೆ ಒಳ್ಳೆಯವರ ಬಾಯಿಂದ ಬಂದ ತಪ್ಪು ಮಾತೇ ಜಾಸ್ತಿ ನಾಟುತ್ತದೆ. ನನ್ನ ಕೆಲಸದಲ್ಲಿ ಇದನ್ನು ಎಲ್ಲ ಧರ್ಮದವರಲ್ಲೂ ಕಂಡಿದ್ದೇನೆ.

ಮೊದಲ ದಿನವೇ ನಾನು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. "ಸಾಯಬೇಕು ಅಂತ ಅನ್ನಿಸಿದೆಯಾ?" ನೇರವಾಗಿ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದರೆ ಎದುರಿನವರಿಗೆ ಹಗುರ ಆಗುತ್ತದೆ. ಫಿಲೋಮಿನಾ ಬಹಳ ಹೊತ್ತು ಸುಮ್ಮನಿದ್ದರು. "ಏನೂ ಮಾಡ್ಕೊಳ್ಳಲ್ಲ ಮೇಡಂ. ಆದ್ರೆ ಮಲಗಿದವಳು ಏಳದೇ ಇದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ. ಇದು ಪಾಪ ಅಲ್ವಾ?"

ಪಾಪ ಹೌದೋ ಅಲ್ಲವೋ ಹೇಳುವುದು ನನ್ನ ಕೆಲಸವಲ್ಲ, ಅದನ್ನು ನಿಮ್ಮ ಫಾದರ್ ಹತ್ತಿರ ಕೇಳಿ ಅಂದೆ. ನನಗೆ ಗೊತ್ತಿರುವುದು ಇದು ಕಾಯಿಲೆಯ ಲಕ್ಷಣ ಅನ್ನುವುದು. ಜ್ವರ ಬಂದಾಗ ಮೈ ಬಿಸಿಯಾಗುವ ಹಾಗೆ. ಅವರ ಒಪ್ಪಿಗೆ ಪಡೆದು ಗಂಡನಿಗೂ ವಿಷಯ ತಿಳಿಸಿದೆ. ಆ ಯೋಚನೆ ಜೋರಾದರೆ ಮೊದಲು ಗಂಡನನ್ನು ಎಬ್ಬಿಸಬೇಕು, ಆಮೇಲೆ ತಂಗಿಗೆ ಫೋನ್, ಅದೂ ಆಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ. ಇದಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹೊಲಿಗೆ ಮಷಿನ್‌ನ ಖಾನೆಯಲ್ಲಿ ಇಟ್ಟುಕೊಂಡರು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸೇವೆ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಓದುತ್ತಿರುವ ನೀವೂ ಈ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಎರಡನೇ ಭೇಟಿಯಲ್ಲಿ ನಿಜವಾದ ಗಂಟು ಬಿಚ್ಚಿತು. ತಾಯಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಕೊನೆಗೆ ಕಿಡ್ನಿ ಸೋತು ಡಯಾಲಿಸಿಸ್. ತಾಯಿ ಗುಣವಾಗಲಿ ಅಂತ ಫಿಲೋಮಿನಾ ಹರಿಹರದ ಚರ್ಚಿನ ಆರೋಗ್ಯಮಾತೆಗೆ, ಅಂದರೆ ಯೇಸುವಿನ ತಾಯಿ ಮರಿಯಮ್ಮನಿಗೆ, ಹರಕೆ ಹೊತ್ತಿದ್ದರು. ಸೆಪ್ಟೆಂಬರ್ 8ರ ಹಬ್ಬಕ್ಕೆ ದಾವಣಗೆರೆಯಿಂದ ನಡೆದೇ ಬರುತ್ತೇನೆ ಎಂದು. ಸುಮಾರು 14 ಕಿಲೋಮೀಟರ್ ದಾರಿ. ಆದರೆ ಹಬ್ಬದ ಹಿಂದಿನ ದಿನ ತಾಯಿಗೆ ಉಸಿರಾಟದ ತೊಂದರೆ ಜಾಸ್ತಿಯಾಯಿತು. ಆ ರಾತ್ರಿ, ಮರುದಿನ ಆಸ್ಪತ್ರೆಯಲ್ಲೇ ಕಳೆದರು. ನಡೆಯಲಿಲ್ಲ. ಒಂದು ತಿಂಗಳಿಗೆ ತಾಯಿ ಹೋದರು.

"ನಾನು ನಡೆದಿದ್ರೆ ಅವ್ವ ಉಳೀತಿದ್ದಳು" ಅಂದರು. ಎಂಟು ತಿಂಗಳು ಯಾರಿಗೂ ಹೇಳದ ಮಾತು. ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಅದರ ಕೆಳಗೆ ಇನ್ನೂ ಒಂದು ಮಾತಿತ್ತು. ಅದು ಹೊರಗೆ ಬರಲು ಮತ್ತೊಂದು ವಾರ ಬೇಕಾಯಿತು: "ದೇವರ ಮೇಲೆ ನನಗೆ ಸಿಟ್ಟಿದೆ."

ನಾನು ಕ್ರೈಸ್ತಳಲ್ಲ. ವಚನ ಹೇಳಿಕೊಡುವ ಅಜ್ಜಿಯ ಮನೆಯಲ್ಲಿ ಬೆಳೆದವಳು. ಬೈಬಲ್ ನನಗೆ ಚೆನ್ನಾಗಿ ಗೊತ್ತಿರಲಿಲ್ಲ, ಗೊತ್ತಿದ್ದಂತೆ ನಟಿಸುವುದೂ ಸರಿಯಲ್ಲ. ಆದರೆ ಒಬ್ಬರಿಗೆ ಹುಟ್ಟಿದಾಗಿನಿಂದ ಆಧಾರವಾಗಿದ್ದದ್ದನ್ನು ಬದಿಗಿಟ್ಟು ಬರೀ ನಮ್ಮ ಪುಸ್ತಕದ ಮಾತು ಹೇಳಿದರೆ ಅದು ನಿಲ್ಲುವುದಿಲ್ಲ. ಅದಕ್ಕೆ ಅವರನ್ನೇ ಕೇಳಿದೆ. "ನಿಮ್ಮ ಬೈಬಲ್‌ನಲ್ಲಿ ನಿಮ್ಮಷ್ಟು ಸುಸ್ತಾದವರು, ಸಾಕು ಅಂದವರು ಯಾರಾದರೂ ಇದ್ದಾರಾ?" ಇಲ್ಲ ಅಂದರು. ಅಲ್ಲಿರೋರೆಲ್ಲ ದೊಡ್ಡ ವಿಶ್ವಾಸಿಗಳು ಅಂದರು. ಸುಮ್ನೆ ಹುಡುಕಿ ನೋಡಿ ಅಂತ ಕಳಿಸಿದೆ.

ಮುಂದಿನ ವಾರ ಬಂದವರು ಕೂರುವ ಮೊದಲೇ ಶುರು ಮಾಡಿದರು. ಪ್ರವಾದಿ ಎಲೀಯ. ಅರಸುಗಳು ಮೊದಲನೇ ಭಾಗ, 19ನೇ ಅಧ್ಯಾಯ. ರಾಣಿ ಕೊಲ್ಲಿಸುತ್ತೇನೆ ಅಂದಾಗ ಹೆದರಿ ಕಾಡಿಗೆ ಓಡಿಹೋಗುತ್ತಾನೆ. ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತಗೋ ಎಂದು ಬೇಡಿ ಮಲಗಿಬಿಡುತ್ತಾನೆ. ಕಥೆ ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಈ ಸಲ ಓದುವಾಗ ಬೇರೆಯೇ ಏನೋ ಕಂಡಿತ್ತು.

"ದೇವದೂತ ಬಂದು ಬೈಯಲಿಲ್ಲ ಮೇಡಂ. ರೊಟ್ಟಿ ಕೊಟ್ಟ. ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಆಗಲೂ ಬೈಯಲಿಲ್ಲ. ಎರಡನೇ ಸಲ ಎಬ್ಬಿಸಿ, ತಿನ್ನು, ದಾರಿ ದೂರ ಇದೆ ಅಂದ."

ನಾನು ಏನೂ ಸೇರಿಸಲಿಲ್ಲ. ಖಿನ್ನತೆಯ ಮೊದಲ ಆರೈಕೆ ಅಂದರೆ ಅದೇ. ಹೊತ್ತಿಗೆ ಸರಿಯಾಗಿ ಒಂದಿಷ್ಟು ಊಟ, ನೀರು, ನಿದ್ದೆ, ಬೈಯದೆ ಪಕ್ಕದಲ್ಲಿರುವ ಒಬ್ಬರು. ಉಪದೇಶ ಆಮೇಲೆ. ಆವತ್ತು ನಾವು ಮಾಡಿದ ಪಟ್ಟಿಗೆ ಅವರೇ "ಎಲೀಯನ ರೊಟ್ಟಿ" ಅಂತ ಹೆಸರಿಟ್ಟರು. ಹಸಿವಿಲ್ಲದಿದ್ದರೂ ಬೆಳಗ್ಗೆ ಎಂಟಕ್ಕೆ ಒಂದು ರೊಟ್ಟಿ. ದಿನಕ್ಕೆ ಒಂದೇ ಹೊಲಿಗೆ ಕೆಲಸ, ಮೊದಲು ಸೀರೆಗೆ ಫಾಲ್ ಹಚ್ಚುವಂಥ ಸುಲಭದ್ದು. ವಾರಕ್ಕೆ ಮೂರು ಸಲ ಗಂಡನ ಜೊತೆ ಕುಂದವಾಡ ಕೆರೆಯ ದಂಡೆ ಮೇಲೆ ಅರ್ಧ ಗಂಟೆ ನಡಿಗೆ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮೊದಲು ಕೈಕಾಲು ಆಡಬೇಕು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ಸಿಟ್ಟಿನ ವಿಷಯಕ್ಕೂ ದಾರಿ ಅವರ ಪುಸ್ತಕದಲ್ಲೇ ಇತ್ತು. ಬೈಬಲ್‌ನ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳಲ್ಲಿ ಎಷ್ಟೊಂದು ದೂರುಗಳೇ ಇವೆ ಅಂತ ನನಗೆ ಆಗಲೇ ತಿಳಿದದ್ದು. 13ನೇ ಕೀರ್ತನೆ, ಎಷ್ಟು ದಿನ ನನ್ನನ್ನು ಮರೆತಿರುತ್ತೀಯ ಎಂದು ದೇವರನ್ನೇ ಕೇಳುತ್ತದೆ. ಅಂಥ ಹೆಚ್ಚಿನವು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಎಂದೇ ಉಳಿಸಿಕೊಂಡಿದ್ದಾರೆ. ನೀವೂ ಒಂದು ಬರೆಯಿರಿ ಅಂದೆ. ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆದು ತಂದರು. ನಾನು ಓದಲಿಲ್ಲ. ಅವರೇ ಗಟ್ಟಿಯಾಗಿ ಓದಿದರು, ನಡುವೆ ಎರಡು ಸಲ ನಿಲ್ಲಿಸಿ. ಅದರಲ್ಲಿ ಏನಿತ್ತು ಅನ್ನುವುದು ಅವರಿಗೂ ಅವರ ದೇವರಿಗೂ ಇರಲಿ. ಆ ರಾತ್ರಿ ಐದು ಗಂಟೆಯವರೆಗೆ ನಿದ್ದೆ ಬಂತಂತೆ.

ಹರಕೆಯ ತಪ್ಪಿತಸ್ಥ ಭಾವನೆ ಅಷ್ಟು ಬೇಗ ಹೋಗಲಿಲ್ಲ. ಒಂದು ದೊಡ್ಡ ವೃತ್ತ ಬರೆದು, ತಾಯಿಯ ಸಾವಿಗೆ ಏನೇನು ಕಾರಣ ಅಂತ ಭಾಗ ಮಾಡಲು ಕೊಟ್ಟೆ. ಸಕ್ಕರೆ ಕಾಯಿಲೆಗೆ ಒಂದು ಭಾಗ, ಕಿಡ್ನಿಗೆ ದೊಡ್ಡ ಭಾಗ, ವಯಸ್ಸಿಗೆ, ಎದೆಯ ಸೋಂಕಿಗೆ. ಎಲ್ಲ ಆದ ಮೇಲೆ ನಡೆಯದ ಹರಕೆಗೆ ಎಷ್ಟು ಜಾಗ ಉಳಿಯಿತು ಅಂತ ಕೇಳಿದೆ. ಒಂದು ಸಣ್ಣ ಗೆರೆ ಎಳೆದರು. ತಲೆಗೆ ಅರ್ಥವಾಗಿತ್ತು, ಎದೆಗೆ ಇಳಿದಿರಲಿಲ್ಲ. ಇಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಇದು ಫಾದರ್ ಹೇಳಬೇಕಾದ ಮಾತು.

ಒಪ್ಪಿಗೆ ಪಡೆದು ಫಾದರ್‌ಗೆ ಫೋನ್ ಮಾಡಿದೆ. ಅವರು ಫಿಲೋಮಿನಾ ಜೊತೆ ಒಂದು ಗಂಟೆ ಕೂತರು. ಕಥೋಲಿಕ ಸಭೆಯ ನಿಯಮದಲ್ಲಿ ಒಬ್ಬರು ತಾವಾಗಿ ಹೊತ್ತ ಹರಕೆಯಿಂದ ಬಿಡುಗಡೆ ಕೊಡಲು, ಅಥವಾ ಬೇರೆ ಒಳ್ಳೆಯ ಕೆಲಸಕ್ಕೆ ಬದಲಾಯಿಸಲು ಧರ್ಮಕೇಂದ್ರದ ಗುರುಗಳಿಗೆ ಅಧಿಕಾರ ಇದೆಯಂತೆ. ಹೆತ್ತ ತಾಯಿಯ ಹಾಸಿಗೆ ಪಕ್ಕ ಕೂತ ರಾತ್ರಿಯನ್ನು ದೇವರು ತಪ್ಪು ಅಂತ ಬರೆದುಕೊಳ್ಳುತ್ತಾನಾ ಅಂತಲೂ ಕೇಳಿದರಂತೆ. ಮಾತ್ರೆಯ ಬಗ್ಗೆ ಅವರು ತೆರೆದದ್ದು ಸಿರಾಖನ ಗ್ರಂಥದ 38ನೇ ಅಧ್ಯಾಯ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ ಸಾಮಾನ್ಯವಾಗಿ ಈ ಪುಸ್ತಕ ಇರುವುದಿಲ್ಲ. ಔಷಧವನ್ನು ಭೂಮಿಯಿಂದ ಬರಿಸಿದವನು ದೇವರೇ, ಕಾಯಿಲೆ ಬಿದ್ದಾಗ ಪ್ರಾರ್ಥನೆ ಮಾಡು, ವೈದ್ಯನಿಗೂ ಅವನ ಜಾಗ ಕೊಡು ಎನ್ನುವ ಅರ್ಥದ ಮಾತು ಅಲ್ಲಿದೆ. ನಾನು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಆ ಒಂದು ಪುಟದಿಂದ ಆಯಿತು.

ಫಿಲೋಮಿನಾ ಮತ್ತೆ ಮನೋವೈದ್ಯರ ಬಳಿ ಹೋದರು. ಅವರು ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಿ, ಕಡಿಮೆ ಪ್ರಮಾಣದಿಂದ ಮಾತ್ರೆ ಶುರು ಮಾಡಿದರು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವಂಥ ತೊಂದರೆ ಮಾತ್ರ ಮೊದಲ ವಾರವೇ ಬರುತ್ತದೆ, ಹೆಚ್ಚಿನವರಿಗೆ ಆಮೇಲೆ ಇಳಿಯುತ್ತದೆ. ಹತ್ತನೇ ದಿನಕ್ಕೆ ಬಿಟ್ಟವರು ಕಷ್ಟವನ್ನಷ್ಟೇ ಅನುಭವಿಸಿ ಫಲ ಸಿಗುವ ಮೊದಲೇ ಎದ್ದುಬಂದ ಹಾಗೆ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಮೂರು ಗಂಟೆಯ ಎಚ್ಚರಕ್ಕೆ ಜಪಸರ ನೆರವಾಯಿತು. ಮಣಿ ಎಣಿಸುತ್ತಾ ಮರಿಯಮ್ಮನಿಗೆ "ನಮೋ ಮರಿಯಾ" ಪ್ರಾರ್ಥನೆ ಹೇಳುವ ಸರ ಅದು. ಮೊದಲು ಅವರು ಹಾಸಿಗೆಯಲ್ಲೇ ಮಲಗಿ ಹತ್ತು ಹತ್ತು ಮಣಿಯ ಐದೂ ಸುತ್ತು ಮುಗಿಸಬೇಕೆಂದು ಹಟ ಹಿಡಿದು, ನಡುವೆ ಮನಸ್ಸು ಹರಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಪ್ರಾರ್ಥನೆ ಪರೀಕ್ಷೆಯಾಗಿತ್ತು. ಎದ್ದು ಕುರ್ಚಿಯಲ್ಲಿ ಕೂತು ಹತ್ತೇ ಹತ್ತು ನಮೋ ಮರಿಯಾ ಹೇಳಿ, ನಿಧಾನವಾಗಿ, ಉಸಿರಿನ ಜೊತೆ ಅಂದೆ. 2001ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯಕ್ಕೂ ಅದು ಒಳ್ಳೆಯದಾಗಿ ಕಂಡಿತು. ಯೋಗದ ಮಂತ್ರ ಹೇಳುವಾಗಲೂ ಹಾಗೇ ಆಯಿತು. ಅದು 23 ಜನ ಆರೋಗ್ಯವಂತರ ಮೇಲೆ ಮಾಡಿದ್ದು, ಖಿನ್ನತೆಗೆ ಅದೇ ಮದ್ದು ಅನ್ನಲಾಗದು. ಆದರೆ ಗಾಬರಿಯಾದ ಮೈಯನ್ನು ಸಮಾಧಾನ ಮಾಡಲು ಕೈಯಲ್ಲೇ ಇರುವ ಮಣಿಸರ ಸಾಕಾಗುತ್ತದೆ. ಹೇಳಲೂ ಆಗದ ರಾತ್ರಿ ಸುಮ್ನೆ ಹಿಡಿದುಕೊಂಡು ಕೂರಿ ಅಂದಿದ್ದೆ. ಅಂಥ ರಾತ್ರಿಗಳೂ ಬಂದವು.

ಗಂಡನಿಗೂ ಒಂದು ಕೆಲಸ ಇತ್ತು. "ಹಾಡು, ಎಲ್ಲ ಸರಿ ಹೋಗುತ್ತೆ" ಅನ್ನುವುದನ್ನು ನಿಲ್ಲಿಸುವುದು. ಇದನ್ನು ಹೇಳಿದ್ದು ಫಿಲೋಮಿನಾ ಅವರೇ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ದುಃಖವನ್ನು ಮೂವರು ಶಿಷ್ಯರಿಗೆ ಹೇಳಿ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿದ. ಅವರು ನಿದ್ದೆ ಹೋದರು. "ಇವರು ನನ್ನ ಜೊತೆ ಸ್ವಲ್ಪ ಹೊತ್ತು ಎಚ್ಚರ ಇದ್ರೆ ಸಾಕು" ಅಂದರು. ಆ ಮನುಷ್ಯ ತಲೆ ಆಡಿಸಿದರು. ಬೆಳಗ್ಗೆ ಐದಕ್ಕೇ ಲೋಡ್ ಇದ್ದರೂ ಎಷ್ಟೋ ರಾತ್ರಿ ಎದ್ದು ಪಕ್ಕದಲ್ಲಿ ಕೂತಿದ್ದಾರೆ.

ಜುಲೈ ಕೊನೆಗೆ ನಿದ್ದೆ, ಊಟ ಸುಧಾರಿಸಿದ್ದವು. ಆಗಸ್ಟ್ ಎರಡನೇ ವಾರ ಮತ್ತೆ ಕುಸಿದರು. ಹಬ್ಬ ಹತ್ತಿರ ಬರುತ್ತಿತ್ತು, ಕೂಟದಲ್ಲಿ ಎಲ್ಲರೂ ನಡೆದು ಹೋಗುವ ಮಾತಾಡುತ್ತಿದ್ದರು. ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಆದರೆ ಮಾತ್ರೆ ಬಿಡಲಿಲ್ಲ, ಚೀಟಿ ನೋಡಿ ತಂಗಿಗೆ ಫೋನ್ ಮಾಡಿದರು. ನನಗೆ ದೊಡ್ಡದಾಗಿ ಕಂಡದ್ದು ಅದು. ಇಂಥ ಏರುಪೇರು ಬಂದರೆ ಎಲ್ಲ ಹಾಳಾಯಿತು ಅಂತ ತಿಳಿಯಬೇಡಿ, ಬೇಗ ಹೇಳಿ ಅಷ್ಟೇ.

ಹಾಡಲು ಇನ್ನೂ ಮುಂದೆ ನಿಂತಿಲ್ಲ. ತಂಡದ ಹಿಂದಿನ ಸಾಲಿನಲ್ಲಿ ನಿಂತು ಪಲ್ಲವಿಗೆ ಮಾತ್ರ ದನಿ ಸೇರಿಸುತ್ತಾರೆ.

ಕಳೆದ ವಾರ ಬಂದಾಗ ಹಬ್ಬಕ್ಕೆ ಏನು ಮಾಡ್ತೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಚುತ್ತಾ ಕೂತರು.

"ಬಸ್ಸಲ್ಲಿ ಹೋಗ್ತೀನಿ ಮೇಡಂ, ತಂಗಿ ಜೊತೆ. ಫಾದರ್ ಹಾಗೇ ಬದಲಾಯಿಸಿ ಕೊಟ್ಟಿದ್ದಾರೆ. ಜನ ಜಾಸ್ತಿ ಆದ್ರೆ ಬೇಗ ವಾಪಸ್ ಬಂದುಬಿಡ್ತೀವಿ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ರೊಟ್ಟಿ ಕಟ್ಕೊಂಡು ಹೋಗ್ತೀನಿ."